ಆಯುಧಪೂಜೆಗೆ ಕುಳಿತ ಕೈಗಡಿಯಾರ

ಆಯುಧಪೂಜೆಯ ಬೆಳಿಗ್ಗೆ ನಮ್ಮ ನಡುಮನೆಯಲ್ಲಿ ರಂಗೋಲಿ ಹಾಕಿದ ಜಾಗದಲ್ಲಿ ಈಳಿಗೆಮಣೆ, ಕತ್ತರಿ, ಸುತ್ತಿಗೆ, ತಿರುಪುಳಿ, ಎಳನೀರು ಕೆತ್ತುವ ಮಚ್ಚು ಇವೆಲ್ಲ ತೊಳೆಸಿಕೊಂಡು, ಅರಿಸಿನ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಕುಳಿತಿರುತ್ತವೆ. ಆ ಸಾಲಿನ ಕೊನೆಯಲ್ಲಿ ನಾನು ನನ್ನ ಕೈಗಡಿಯಾರವನ್ನು ಬಿಚ್ಚಿ ಇಡುತ್ತೇನೆ. ಮೊದಲ ವರ್ಷ ಹೀಗೆ ಇಟ್ಟಾಗ ಅಮ್ಮ ಆಕ್ಷೇಪಿಸಿದ್ದರು. "ಒಡವೆಗೆ ವರಮಹಾಲಕ್ಷ್ಮಿ ಹಬ್ಬ ಇದೆ, ಹತಾರಕ್ಕೆ ಇವತ್ತಿನ ಹಬ್ಬ. ನಿನ್ನ ವಾಚು ಎರಡರಲ್ಲಿ ಯಾವುದು?" ಎಂಬುದು ಅವರ ಪ್ರಶ್ನೆ. ಹತಾರವೇ ಎಂದು ನಾನು ಆ ದಿನ ಹಟಕ್ಕೆ ಹೇಳಿದ್ದು ನಿಜ. ಆದರೆ ಆಮೇಲೆ ಯೋಚಿಸಿದಷ್ಟೂ ಹಟಕ್ಕಿಂತ ಹೆಚ್ಚಿನ ಬಲ ಆ ಮಾತಿಗೆ ಇದೆಯೆಂದು ನನಗೆ ಅನ್ನಿಸತೊಡಗಿದೆ.

ಆ ಗಡಿಯಾರ ಎಚ್.ಎಂ.ಟಿ. ಪೈಲಟ್. ಕಪ್ಪು ಮುಖ, ಅದರ ಮೇಲೆ ಕನ್ನಡಕವಿಲ್ಲದೆಯೂ ಓದಬಹುದಾದ ಬಿಳಿಯ ಅಂಕಿಗಳು, ಉಕ್ಕಿನ ಮೈ, ಪ್ರತಿದಿನ ಕೈಯಿಂದ ಕೀಲಿ ಕೊಡಬೇಕಾದ ಯಂತ್ರ. ತಾರೀಖು ತೋರಿಸುವುದಿಲ್ಲ, ವಾರ ಹೇಳುವುದಿಲ್ಲ, ಹೆಜ್ಜೆ ಎಣಿಸುವುದಿಲ್ಲ. ಹೆಸರು ಪೈಲಟ್ ಎಂದಿದ್ದರೂ ಅದನ್ನು ಕಟ್ಟಿಕೊಂಡು ನಾನು ಈವರೆಗೆ ಓಡಿಸಿರುವುದು ಸ್ಕೂಟರನ್ನು ಮಾತ್ರ. ಕಾರ್ಖಾನೆ ಮುಚ್ಚುವ ಸುದ್ದಿ ಬಂದ ದಿನಗಳಲ್ಲಿ, ನನ್ನಂತೆಯೇ ಕೊನೆಯ ಗಳಿಗೆಯಲ್ಲಿ ಎಚ್ಚೆತ್ತ ಜನರ ಸಾಲಿನಲ್ಲಿ ನಿಂತು ಅದನ್ನು ಕೊಂಡೆ. ಮದುವೆಗೆ ಉಡುಗೊರೆಯಾಗಿ ಬಂದ ಬಂಗಾರದ ಬಣ್ಣದ ಗಡಿಯಾರವೊಂದು ಬೀರುವಿನಲ್ಲಿದೆ. ಅದು ಒಡವೆ, ಅದರ ಬಗ್ಗೆ ಅಮ್ಮನಿಗೂ ನನಗೂ ಭಿನ್ನಾಭಿಪ್ರಾಯವಿಲ್ಲ.

ಪೈಲಟ್ ಹತಾರ ಎನ್ನುವುದಕ್ಕೆ ಮೊದಲ ಸಾಕ್ಷಿ ಅದರ ಮನೆತನದ ಹೆಸರೇ. ಹಿಂದೂಸ್ತಾನ್ ಮೆಷಿನ್ ಟೂಲ್ಸ್ 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಆರಂಭವಾದದ್ದು ಲೇತುಗಳನ್ನು ಮಾಡುವುದಕ್ಕೆ. ಅಂದರೆ ಬೇರೆ ಯಂತ್ರಗಳನ್ನು ಹೆರುವ ಯಂತ್ರಗಳನ್ನು ಹೆರುವುದಕ್ಕೆ. ಗಡಿಯಾರ ಬಂದದ್ದು ಎಂಟು ವರ್ಷಗಳ ನಂತರ, 1961ರಲ್ಲಿ. ಜಗತ್ತಿನ ದೊಡ್ಡ ಗಡಿಯಾರ ಕಂಪನಿಗಳಲ್ಲಿ ಹಲವು ಅಕ್ಕಸಾಲಿಗರ ಬೀದಿಯ ನೆಂಟಸ್ತಿಕೆಯನ್ನು ಹೇಳಿಕೊಂಡರೆ, ನಮ್ಮ ಗಡಿಯಾರ ಹುಟ್ಟಿದ್ದು ಕಮ್ಮಾರನ ಕೇರಿಯಲ್ಲಿ. ಲೇತು, ಮಿಲ್ಲಿಂಗ್ ಯಂತ್ರ ಮತ್ತು ಟ್ರ್ಯಾಕ್ಟರುಗಳ ಮೇಲಿದ್ದ ಮೂರು ಅಕ್ಷರಗಳೇ ಮಣಿಕಟ್ಟಿನ ಮೇಲೂ ಇದ್ದವೆಂಬುದನ್ನು ನೆನೆದಾಗಲೆಲ್ಲ, ಈಳಿಗೆಮಣೆಯ ಪಕ್ಕದಲ್ಲಿ ಕೂರುವ ಹಕ್ಕು ಅದಕ್ಕೆ ಹುಟ್ಟಿನಿಂದಲೇ ಬಂದಿದೆ ಎನ್ನಿಸುತ್ತದೆ.

ಗಡಿಯಾರದ ಹುಚ್ಚು ಹಿಡಿದವರ ನಡುವೆ ಒಂದು ಜಾತಿಭೇದ ಉಂಟು. ಒಳಗಿನ ಯಂತ್ರವನ್ನು ತಾನೇ ಮಾಡಿಕೊಳ್ಳುವ ಕಂಪನಿ ಮೇಲು, ಸ್ವಿಟ್ಜರ್ಲೆಂಡಿನ ಇ.ಟಿ.ಎ.ಯಿಂದಲೋ ಜಪಾನಿನ ಮಿಯೋಟಾದಿಂದಲೋ ಯಂತ್ರ ಕೊಂಡುತಂದು ತನ್ನ ಡಬ್ಬಿಯೊಳಗೆ ಕೂರಿಸುವ ಕಂಪನಿ ಕೀಳು. ಅಂಗಡಿಯ ಪೊಟ್ಟಣದ ಹಿಟ್ಟಿನಲ್ಲಿ ದೋಸೆ ಹುಯ್ದವರನ್ನು ಮನೆಯಲ್ಲಿ ರುಬ್ಬಿದವರು ನೋಡುವ ನೋಟವೇ ಇದು. ಎಚ್.ಎಂ.ಟಿ.ಯನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕೆಂಬುದು ಈ ಮಡಿವಂತರಿಗೆ ತುಸು ಕಷ್ಟದ ಪ್ರಶ್ನೆ. ಏಕೆಂದರೆ ಯಂತ್ರ ಇಲ್ಲಿಯೇ ತಯಾರಾದರೂ ಅದರ ವಿನ್ಯಾಸ ಮತ್ತು ವಿದ್ಯೆ ಬಂದದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ. ನನಗಂತೂ ಇದರಲ್ಲಿ ಗೊಂದಲವಿಲ್ಲ. ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತಂದದ್ದಕ್ಕೆ ನಮ್ಮ ಮನೆಯ ಮೊಸರನ್ನು ಪಕ್ಕದ ಮನೆಯ ಮೊಸರು ಎಂದು ಯಾರೂ ಕರೆಯುವುದಿಲ್ಲ. ಹಾಲು ನಮ್ಮದು, ಗಡಿಗೆ ನಮ್ಮದು, ರಾತ್ರಿಯಿಡೀ ಅಲುಗಾಡಿಸದೆ ಕಾಯ್ದ ತಾಳ್ಮೆಯೂ ನಮ್ಮದು. ಹೆಪ್ಪಿನ ಋಣವೊಂದು ಹೆಸರಿನಲ್ಲಿ ಉಳಿದಿದೆಯೇನೋ ಎಂದು ಮಾತ್ರ ಒಮ್ಮೊಮ್ಮೆ ಅನುಮಾನಿಸುತ್ತೇನೆ. 1924ರಲ್ಲಿ ಆ ಜಪಾನೀ ಗಡಿಯಾರಕ್ಕೆ 'ಸಿಟಿಜನ್' ಎಂದು ಹೆಸರಿಟ್ಟವರು ಅದಕ್ಕೆ ಹಿಂದೆ ಟೋಕಿಯೊದ ಮೇಯರ್ ಆಗಿದ್ದ ಗೊಟೊ ಶಿಂಪೇ. ಸಿರಿವಂತರ ಜೇಬಿನ ಈ ವಸ್ತು ಸಾಮಾನ್ಯ ನಾಗರಿಕನ ಕೈಗೂ ಎಟುಕಲಿ ಎಂಬುದು ಅವರ ಹಾರೈಕೆಯಾಗಿತ್ತು. ಎಚ್.ಎಂ.ಟಿ.ಯ ಬಹಳ ಹೆಸರಾದ ಗಡಿಯಾರಗಳಲ್ಲೊಂದು 'ಜನತಾ'. ಇದು ಆಕಸ್ಮಿಕವೂ ಇರಬಹುದು, ಆದರೆ ನನಗೆ ಮೊಸರಿನಲ್ಲಿ ಹೆಪ್ಪಿನ ರುಚಿ ಹತ್ತುತ್ತದೆ.

ನನ್ನ ಗಡಿಯಾರದ ಕಪ್ಪು ಮುಖದ ಮೇಲೆ 'ಪ್ಯಾರಾಶಾಕ್' ಎಂದೂ 'ಹದಿನೇಳು ಜ್ಯುವೆಲ್' ಎಂದೂ ಬರೆದಿದೆ. ಜ್ಯುವೆಲ್ ಎಂಬ ಮಾತನ್ನು ಕೇಳಿ ಅಮ್ಮ ಒಮ್ಮೆ ಗೆದ್ದೆನೆಂದೇ ತಿಳಿದಿದ್ದರು. ಆದರೆ ಆ ಹದಿನೇಳು ಕಲ್ಲುಗಳು ಕಾರ್ಖಾನೆಯಲ್ಲಿ ತಯಾರಿಸಿದ ಮಾಣಿಕ್ಯದ ಚೂರುಗಳು. ಅವು ಇರುವುದು ಯಾರಿಗೂ ಕಾಣದ ಜಾಗದಲ್ಲಿ, ಚಕ್ರಗಳ ಅಚ್ಚು ತಿರುಗುವ ಗುಳಿಗಳಲ್ಲಿ, ಸವೆತವನ್ನು ತಡೆಯುವುದಕ್ಕೆ. ಬೀಸುವ ಕಲ್ಲಿನ ಗೂಟದ ಕೆಲಸವನ್ನು ಮಾಡುವ ಮಾಣಿಕ್ಯವನ್ನು ಒಡವೆ ಎನ್ನಲಾಗದು. ಪ್ಯಾರಾಶಾಕ್ ಎಂಬುದು ಸಿಟಿಜನ್ ಕಂಪನಿಯಿಂದ ಬಂದ ಏರ್ಪಾಟು. ಪೆಟ್ಟು ಬಿದ್ದಾಗ ಕೂದಲೆಳೆಯಷ್ಟು ಸಣ್ಣ ಅಚ್ಚಿನ ತುದಿ ಮುರಿಯದ ಹಾಗೆ, ಅದನ್ನು ಹಿಡಿದಿರುವ ಕಲ್ಲೇ ಸ್ಪ್ರಿಂಗಿನ ಮೇಲೆ ಕೂತು ಒಂದಿಷ್ಟು ಸರಿದುಕೊಡುತ್ತದೆ. ಇದರ ಗಟ್ಟಿತನವನ್ನು ಜನರಿಗೆ ನಂಬಿಸಲು ಜಪಾನಿನಲ್ಲಿ ಗಡಿಯಾರಗಳನ್ನು ಹೆಲಿಕಾಪ್ಟರಿನಿಂದ ಬೀಳಿಸಿ ತೋರಿಸಿದ್ದರಂತೆ. ನಾನು ಅಷ್ಟು ಎತ್ತರಕ್ಕೆ ಹೋಗಿಲ್ಲ. ಬಚ್ಚಲ ಮನೆಯ ಕಡಪಾ ಕಲ್ಲಿನ ಮೇಲೆ ಎರಡು ಸಲ, ಸಿಟಿ ಬಸ್ಸಿನ ಬಾಗಿಲ ಕಂಬಿಗೆ ಲೆಕ್ಕವಿಲ್ಲದಷ್ಟು ಸಲ ಬಡಿದಿದ್ದೇನೆ. ಎತ್ತಿ ಕಿವಿಗೆ ಹಿಡಿದರೆ ಏನೂ ಆಗಿಲ್ಲವೆಂಬಂತೆ ಸೆಕೆಂಡಿಗೆ ಐದು ಸಲದ ತನ್ನ ಜಪವನ್ನು ನಡೆಸಿರುತ್ತದೆ. ಲೆಕ್ಕ ಹಾಕಿದರೆ ಅದು ದಿನಕ್ಕೆ 4,32,000 ಸಲವಾಗುತ್ತದೆ. ರಾಮಕೋಟಿ ಬರೆಯುವವರಿಗೂ ಈ ವೇಗ ಸಿದ್ಧಿಸಿರಲಾರದು.

ಪೆಟ್ಟಿಗೆ ಅಂಜದ ಈ ಜಟ್ಟಿ ನೀರಿಗೆ ಅಂಜುತ್ತಾನೆಂಬುದನ್ನು ಮರೆಮಾಚಬಾರದು. ಮುಂಗಾರಿನ ಒಂದು ಸಂಜೆ ನೆನೆದುಬಂದ ಮೇಲೆ ಗಾಜಿನ ಒಳಗೆ ಆವಿ ಕಟ್ಟಿ, ಅದನ್ನು ಎರಡು ದಿನ ಅಕ್ಕಿಯ ಡಬ್ಬಿಯಲ್ಲಿ ಹೂತಿಡಬೇಕಾಯಿತು. ಅಂದಿನಿಂದ ಮೋಡ ಕವಿದರೆ ಮೊದಲು ಅದನ್ನು ಬಿಚ್ಚಿ ಪ್ಲಾಸ್ಟಿಕ್ ಕವರಿಗೆ ಸೇರಿಸಿ, ಆಮೇಲೆ ನಾನು ನೆನೆಯುತ್ತೇನೆ. ಗಾಜು ಎಂದೆ, ಆದರೆ ಅದು ಗಾಜಲ್ಲ, ಅಕ್ರಿಲಿಕ್. ಒಡೆಯುವುದು ಕಷ್ಟ, ಗೀರು ಬೀಳುವುದು ಸುಲಭ. ಗೀರನ್ನು ತೆಗೆಯಲು ಬಿಳಿಯ ಟೂತ್‌ಪೇಸ್ಟ್ ಒಂದಿಷ್ಟು ಹಾಕಿ ಮೆತ್ತನೆಯ ಬಟ್ಟೆಯಿಂದ ಹತ್ತು ನಿಮಿಷ ಉಜ್ಜಿದರೆ ಸಾಕು. ಒಂದು ಭಾನುವಾರ ಈ ಕಾಯಕದಲ್ಲಿ ತೊಡಗಿದ್ದಾಗ ನನ್ನ ಹೆಂಡತಿ ಬಂದು ನೋಡಿ, "ಇನ್ನು ಅದಕ್ಕೆ ತಿಂಡಿ ಏನು ಮಾಡಲಿ?" ಎಂದು ಕೇಳಿಹೋದಳು.

ಕಾಯಿಲೆ ಬಿದ್ದದ್ದು ಒಂದೇ ಸಲ. ಇದ್ದಕ್ಕಿದ್ದಂತೆ ದಿನಕ್ಕೆ ಇಪ್ಪತ್ತು ನಿಮಿಷ ಮುಂದೆ ಓಡತೊಡಗಿತು. ಹಳೆಯ ಪೇಟೆಯ ಓಣಿಯಲ್ಲಿ, ಮೆಟ್ಟಿಲ ಕೆಳಗಿನ ಒಂದು ಗಾಜಿನ ಪೆಟ್ಟಿಗೆಯಷ್ಟೇ ಜಾಗದಲ್ಲಿ ಕೂರುವ ವಾಚ್ ರಿಪೇರಿಯ ಹಿರಿಯರೊಬ್ಬರ ಬಳಿಗೆ ಕೊಂಡೊಯ್ದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಳ್ಳುವ ಮೊದಲೇ, "ರಾತ್ರಿ ಎಲ್ಲಿಡ್ತೀರಿ ಸಾರ್?" ಎಂದು ವೈದ್ಯರಂತೆ ಕೇಳಿದರು. ರೇಡಿಯೋದ ಮೇಲೆ ಎಂದೆ. ಅಷ್ಟು ಸಾಕಾಯಿತು. ಸ್ಪೀಕರಿನ ಅಯಸ್ಕಾಂತದಿಂದಾಗಿ, ಗಡಿಯಾರದ ಗತಿಯನ್ನು ಹಿಡಿದಿಡುವ ಒಳಗಿನ ತೆಳ್ಳನೆಯ ಸುರುಳಿ, ಅಂದರೆ ಹೇರ್‌ಸ್ಪ್ರಿಂಗ್, ಕಾಂತಗುಣ ಹಿಡಿದು, ಅದರ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಸ್ಪ್ರಿಂಗ್ ಗಿಡ್ಡವಾದಂತಾಗಿ, ಗಿಡ್ಡ ಕಾಲಿನವರು ಬೇಗಬೇಗ ಹೆಜ್ಜೆ ಹಾಕುವಂತೆ ಗಡಿಯಾರ ಓಡುತ್ತಿತ್ತು. ಕಾಂತಗುಣವನ್ನು ಇಳಿಸುವ ಒಂದು ಪುಟ್ಟ ಯಂತ್ರದ ಮೇಲೆ ಅದನ್ನು ಇಟ್ಟು, ಗುಂಡಿ ಒತ್ತಿ, ನಿಧಾನವಾಗಿ ಮೇಲೆತ್ತಿದರು. ದೃಷ್ಟಿ ತೆಗೆದಷ್ಟೇ ಹೊತ್ತು ಹಿಡಿಯಿತು, ದೃಷ್ಟಿ ತೆಗೆದದ್ದಕ್ಕಿಂತ ಹೆಚ್ಚು ಗುಣವಾಯಿತು.

ಈಗ ಅದು ದಿನಕ್ಕೆ ಮೂವತ್ತು ಸೆಕೆಂಡು ಮುಂದೆ ಹೋಗುತ್ತದೆ. ಗಣಿತ ಮಾಡಿದರೆ 86,400 ಸೆಕೆಂಡುಗಳಲ್ಲಿ ಮೂವತ್ತು, ನೂರಕ್ಕೆ 0.035ರಷ್ಟು ತಪ್ಪು, ನನ್ನ ಯಾವ ಕೆಲಸದಲ್ಲಾದರೂ ಇಷ್ಟು ಕಡಿಮೆ ತಪ್ಪಿದ್ದರೆ ನಾನು ಈ ವೇಳೆಗೆ ಬೇರೆಯೇ ಎತ್ತರದಲ್ಲಿರುತ್ತಿದ್ದೆ. ಆ ಮೂವತ್ತನ್ನೂ ಮಲಗಿಸುವ ಭಂಗಿಯಿಂದಲೇ ತಿದ್ದಬಹುದೆಂದು ಆ ಹಿರಿಯರೇ ಕಲಿಸಿದರು. ಮುಖ ಮೇಲಾಗಿ ಮಲಗಿಸಿದರೆ ನನ್ನ ಗಡಿಯಾರ ಮುಂದೆ ಹೋಗುತ್ತದೆ, ಮಗ್ಗುಲಾಗಿ ನಿಲ್ಲಿಸಿದರೆ ಹಿಂದೆ ಬೀಳುತ್ತದೆ. ಹೀಗಾಗಿ ಪ್ರತಿರಾತ್ರಿ ಅದನ್ನು ಯಾವ ಮಗ್ಗುಲಿಗೆ ಮಲಗಿಸಬೇಕೆಂದು ತೀರ್ಮಾನಿಸಿ, ಪುಸ್ತಕಕ್ಕೆ ಒರಗಿಸಿ, ನಂತರ ನಾನು ಯಾವ ಮಗ್ಗುಲಿಗಾದರೂ ಮಲಗುತ್ತೇನೆ.

ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರ ಬಂದ ಮೇಲೆ ಈ ಸಂಸಾರ ಯಾರಿಗೂ ಬೇಡವಾದದ್ದು ಸಹಜವೇ. 2016ರಲ್ಲಿ ಎಚ್.ಎಂ.ಟಿ. ವಾಚಸ್‌ ಮುಚ್ಚುವ ತೀರ್ಮಾನವಾಯಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು. ಇಂದು ಪೈಲಟ್ ಹೆಸರಿನಲ್ಲಿ ಕೆಂಪು, ಹಳದಿ, ಗಿಳಿಹಸಿರು ಮುಖಗಳ ಗಡಿಯಾರಗಳು ಹೇರಳವಾಗಿ ಸಿಗುತ್ತವೆ. ಅವುಗಳಲ್ಲಿ ಬಹುಪಾಲು ಹಳೆಯ ಒಡಲಿಗೆ ಹೊಸದಾಗಿ ಬಣ್ಣ ಬಳಿದವು, ಕೊಳ್ಳುವವರು ಎಚ್ಚರವಾಗಿರುವುದು ಒಳ್ಳೆಯದು.

ಹತಾರ ಎಂದು ನಾನು ಗೆದ್ದ ವಾದದಿಂದ ಒಂದು ತೊಡಕು ಮಾತ್ರ ಉಳಿದುಕೊಂಡಿದೆ. ಆಯುಧಪೂಜೆಯ ದಿನ ಪೂಜೆಗಿಟ್ಟ ಹತಾರವನ್ನು ಮುಟ್ಟಬಾರದೆಂಬುದು ನಮ್ಮ ಮನೆಯ ಪದ್ಧತಿ. ಈಳಿಗೆಮಣೆ ಮುಟ್ಟದ ಕಾರಣಕ್ಕೆ ಆ ದಿನದ ತರಕಾರಿಯನ್ನು ಹಿಂದಿನ ರಾತ್ರಿಯೇ ಹೆಚ್ಚಿಟ್ಟುಕೊಳ್ಳುವ ಅಮ್ಮ, ಗಡಿಯಾರಕ್ಕೆ ಕೀಲಿ ಕೊಡಲು ಬಿಡುತ್ತಾರೆಯೇ? ಅಷ್ಟಮಿಯ ಬೆಳಿಗ್ಗೆ ಕೊಟ್ಟ ಕೀಲಿಯ ಬಲದಲ್ಲಿ ಅದು ನವಮಿಯ ಆರತಿಯನ್ನು ಕಂಡು, ರಾತ್ರಿ ಹತ್ತರ ಸುಮಾರಿಗೆ, ಗಾಜಿನ ಮೇಲಿನ ಕುಂಕುಮದ ಬೊಟ್ಟಿನ ಕೆಳಗೆ ಮುಳ್ಳುಗಳನ್ನು ಹಾಗೆಯೇ ಇಟ್ಟುಕೊಂಡು ನಿಂತುಬಿಡುತ್ತದೆ. ವಿಜಯದಶಮಿಯ ಬೆಳಿಗ್ಗೆ ಸ್ನಾನ ಮಾಡಿ ಬಂದು, ಬೊಟ್ಟನ್ನು ಒರೆಸಿ, ಬೆರಳಿಗೆ ಬಿಗಿ ತಗಲುವವರೆಗೆ ಕೀಲಿ ಕೊಟ್ಟು, ಆಮೇಲೆ ಅಡುಗೆಮನೆಯ ಕಡೆಗೆ ತಿರುಗಿ, "ಅಮ್ಮಾ, ಗಂಟೆ ಎಷ್ಟು?" ಎಂದು ಕೇಳುತ್ತೇನೆ.