ಪಿ0420 ಬಂದ ಕೂಡಲೇ ಕನ್ವರ್ಟರ್ ಬದಲಿಸಬೇಕಿಲ್ಲ

ಹಳೆಯ ಕಾರಿನಲ್ಲಿ ಎಂಜಿನ್ ಕಂಪ್ಯೂಟರ್ ತೋರಿಸುವ ಪಿ0420 ಎಂಬ ದೋಷದ ಕೋಡ್ ಮರಳಿ ಮರಳಿ ಬಂದರೆ, ಹೊಗೆಯಲ್ಲಿನ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸುವುದೊಂದೇ ದಾರಿ ಎಂದು ಲೇಖನವೊಂದು ಹೇಳಿತ್ತು; ಆ ಮಾತನ್ನು ನಾನು ಒಪ್ಪುವುದಿಲ್ಲ. ಕನ್ವರ್ಟರಿನ ಮುಂದೆ ಮತ್ತು ಹಿಂದೆ ಇರುವ ಎರಡು ಆಕ್ಸಿಜನ್ ಸೆನ್ಸರ್‌ಗಳ (ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಸಾಧನಗಳ) ಅಳತೆಗಳನ್ನು ಹೋಲಿಸಿದಾಗ ಅದರ ದಕ್ಷತೆ ಕಡಿಮೆಯಾದಂತೆ ಕಾಣುತ್ತಿದೆ ಎಂದಷ್ಟೇ ಆ ಕೋಡ್ ಹೇಳುತ್ತದೆ.

ನನ್ನ 2013ರ ಪೆಟ್ರೋಲ್ ಕಾರಿನಲ್ಲಿ ಈ ಕೋಡಿನಿಂದಾಗಿ ಎಂಜಿನ್ ಎಚ್ಚರಿಕೆಯ ದೀಪ ಮೂರು ಬಾರಿ ಹತ್ತಿತು. ಗ್ಯಾರೇಜಿನವರು ಎರಡು ಸಲ ಕೋಡ್ ಅಳಿಸಿ ಕಳುಹಿಸಿದರು, ಮೂರನೆಯ ಸಲ ಕನ್ವರ್ಟರ್ ಹೋಗಿದೆ ಎಂದರು. ಕೋಡ್ ಅಳಿಸಿದಾಗ ದೀಪ ಆರುವುದು ದೋಷ ನಿವಾರಣೆಯಾದ ಕಾರಣಕ್ಕಲ್ಲ, ಕಾರಿನ ಸ್ವಯಂಪರೀಕ್ಷೆ ಪುನಃ ಪೂರ್ಣಗೊಳ್ಳಲು ಒಂದಷ್ಟು ಓಡಾಟ ಬೇಕಾಗುವ ಕಾರಣಕ್ಕೆ. ಬೇರೊಬ್ಬ ಮೆಕ್ಯಾನಿಕ್ ತಣ್ಣಗಿದ್ದ ಎಂಜಿನ್ ಚಾಲೂ ಮಾಡಿ, ಸೈಲೆನ್ಸರ್ ಪೈಪಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ನೋಡಿದಾಗ, ಹಿಂದಿನ ಸೆನ್ಸರಿಗೆ ತುಸು ಮೊದಲಿರುವ ಗ್ಯಾಸ್ಕೆಟ್ (ಜೋಡಣೆಯ ಸಂದು ಮುಚ್ಚುವ ಬಿಲ್ಲೆ) ಬಳಿ ಗುಳ್ಳೆಗಳು ಎದ್ದವು, ಅಂದರೆ ಅಲ್ಲಿ ಸೋರಿಕೆ ಇತ್ತು. ಅಲ್ಲಿಂದಲೇ ಹೊರಗಾಳಿಯೂ ಒಳಸೇರಿ ಸೆನ್ಸರಿನ ಅಳತೆಯನ್ನು ಕೆಡಿಸುತ್ತಿತ್ತು. ಗ್ಯಾಸ್ಕೆಟ್ ಬದಲಿಸಿದ ಮೇಲೆ ದೀಪ ಮತ್ತೆ ಹತ್ತಿಲ್ಲ.

ಎಂಜಿನ್ ಚೆನ್ನಾಗಿ ಬಿಸಿಯಾಗಿ ಸಮವೇಗದಲ್ಲಿ ಓಡುವಾಗ ಹಿಂದಿನ ಸೆನ್ಸರ್ 0.6ರಿಂದ 0.7 ವೋಲ್ಟ್ ಆಸುಪಾಸಿನಲ್ಲಿ ಸ್ಥಿರವಾಗಿದ್ದರೆ ಸಾಮಾನ್ಯವಾಗಿ ಕನ್ವರ್ಟರ್ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಮುಂದಿನ ಸೆನ್ಸರಿನಂತೆಯೇ ಅದೂ 0.1ರಿಂದ 0.9ರವರೆಗೆ ಬೇಗಬೇಗ ಏರಿಳಿಯುತ್ತಿದ್ದರೆ ಕನ್ವರ್ಟರನ್ನು ಅನುಮಾನಿಸಬೇಕು. ಅದು ನಿಜವಾಗಿಯೂ ಸತ್ತಿದ್ದರೂ, ಮಿಸ್‌ಫೈರ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ಅಥವಾ ಎಂಜಿನ್ ಆಯಿಲ್ ಸುಡುವಿಕೆಯನ್ನು ಮೊದಲು ಸರಿಪಡಿಸದಿದ್ದರೆ ದುಬಾರಿ ಹಣ ತೆತ್ತು ಹಾಕಿಸಿದ ಹೊಸ ಕನ್ವರ್ಟರೂ ಅದೇ ಕಾರಣಕ್ಕೆ ಹಾಳಾಗುತ್ತದೆ.