ವಿಚ್ಛೇದನಕ್ಕೆ ವ್ಯಭಿಚಾರವೆಂಬ ಕಾರಣ ಕಾನೂನಿನಲ್ಲಿ ಉಳಿಯಬೇಕೇ?

ಪರ: ತಪ್ಪು ಯಾರದೆಂದು ದಾಖಲಾಗಲಿ

ಈ ಪಕ್ಷ ಹಿಡಿಯುವವರು ಸಿಗಲಿಲ್ಲವೆಂದು ಸಂಪಾದಕರು ನನ್ನನ್ನು ಕೇಳಿದರು. ಪೂರ್ತಿ ಮನಸ್ಸಿಲ್ಲದಿದ್ದರೂ ಬರೆಯುತ್ತೇನೆ.

ದಾಂಪತ್ಯದ್ರೋಹವನ್ನು ಯಾವ ಧರ್ಮವೂ ಸಣ್ಣದೆಂದಿಲ್ಲ. ಮತ್ತಾಯನ ಸುವಾರ್ತೆಯಲ್ಲಿ, ಹೆಂಡತಿಯನ್ನು ಬಿಡಬಾರದೆನ್ನುವ ಯೇಸು ಹಾದರವನ್ನು ಮಾತ್ರ ಹೊರತುಪಡಿಸುತ್ತಾನೆ. (ಕ್ಯಾಥೊಲಿಕ್ ಸಭೆ ಆಗಲೂ ಬೇರೆ ವಾಸಕ್ಕಷ್ಟೇ ಒಪ್ಪುತ್ತದೆ, ಅದಿರಲಿ.) 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನ ಮೊದಲ ಕಾರಣವೇ ಇದು. 2018ರಲ್ಲಿ ಸುಪ್ರೀಂ ಕೋರ್ಟ್ ದಂಡಸಂಹಿತೆಯ 497ನೇ ಕಲಮನ್ನು ರದ್ದುಮಾಡಿ ಇದು ಅಪರಾಧವಲ್ಲ ಎಂದಿತೇ ಹೊರತು, ವಿಚ್ಛೇದನಕ್ಕೆ ಕಾರಣವಲ್ಲ ಎನ್ನಲಿಲ್ಲ. ದ್ರೋಹ ಬಗೆದ ಗಂಡ ಪರಸ್ಪರ ಸಮ್ಮತಿಗೆ ಸಹಿ ಹಾಕದೆ ಸತಾಯಿಸಿದರೆ ಹೆಂಡತಿ ಎಲ್ಲಿಗೆ ಹೋಗಬೇಕು? ತಪ್ಪು ಅವನದೆಂದು ತೀರ್ಪಿನಲ್ಲಿ ಬರೆಸಿಕೊಳ್ಳುವ ಹಕ್ಕಾದರೂ ಅವಳಿಗೆ ಇರಲಿ.

ವಿರೋಧ: ಕೋರ್ಟಿಗೆ ಮಲಗುವ ಕೋಣೆಯ ಉಸಾಬರಿ ಬೇಡ

ಧರ್ಮ ಪಾಪವೆಂದಿದ್ದೆಲ್ಲ ವಿಚ್ಛೇದನಕ್ಕೆ ಕಾರಣವಾಗುವುದಾದರೆ ಸುಳ್ಳು ಹೇಳುವ ಗಂಡಂದಿರೆಲ್ಲ ನಾಳೆಯೇ ಕಟಕಟೆಗೆ ಬರಬೇಕಾದೀತು! ಧರ್ಮದ ಹೆಸರಿನ ಕಾನೂನು ಹೆಣ್ಣನ್ನು ಹೇಗೆ ಕಂಡಿತೆಂದು ನೋಡಿ. 1869ರ ವಿಚ್ಛೇದನ ಕಾಯ್ದೆಯಲ್ಲಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಿತ್ತು. ಹೆಂಡತಿಗೋ, ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷದ ಪರಿತ್ಯಾಗವನ್ನೋ ಸಾಬೀತು ಮಾಡಬೇಕಿತ್ತು. ಅದು ತಿದ್ದುಪಡಿಯಾದದ್ದು 2001ರಲ್ಲಿ.

ನಾನು ಕೌಟುಂಬಿಕ ನ್ಯಾಯಾಲಯದ ವಕೀಲೆ. ನನ್ನ ಕಕ್ಷಿದಾರಳೊಬ್ಬಳು, ಶಾಲಾ ಶಿಕ್ಷಕಿ, ಗಂಡನ ಇನ್ನೊಂದು ಸಂಸಾರ ಊರಿಗೆಲ್ಲ ಗೊತ್ತಿದ್ದರೂ ಕೋರ್ಟಿನಲ್ಲಿ ತೋರಿಸಲಾರದೆ ಹೋದಳು. ಲಾಡ್ಜಿನ ರಿಜಿಸ್ಟರ್ ತರಿಸಿ ಎಂದೆವು, ಪುಟವೇ ಇರಲಿಲ್ಲ. ಪಕ್ಕದ ಮನೆಯಾಕೆ ಸಾಕ್ಷಿ ಹೇಳುತ್ತೇನೆಂದಳು, ಸಮನ್ಸ್ ಬಂದ ದಿನ ತವರಿಗೆ ಹೋದಳು. ಪಾಟೀಸವಾಲಿನಲ್ಲಿ ಎದುರು ವಕೀಲರು ಕೇಳಿದ್ದು, ಅವಳು ಮನೆಗೆ ತಡವಾಗಿ ಬರುತ್ತಿದ್ದುದೇಕೆ, ಸಹೋದ್ಯೋಗಿಯ ಬೈಕು ಹತ್ತಿದ್ದೇಕೆ ಎಂದು. ಏಕೆ ಗೊತ್ತೇ? ಹೆಂಡತಿ ‘ವ್ಯಭಿಚಾರದಲ್ಲಿ ಬದುಕುತ್ತಿದ್ದಾಳೆ’ ಎಂದಾದರೆ ಜೀವನಾಂಶ ಕೇಳುವಂತಿಲ್ಲ. ಹಳೆಯ ದಂಡಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿದ್ದ ಈ ಮಾತು ಹೊಸ ನಾಗರಿಕ ಸುರಕ್ಷಾ ಸಂಹಿತೆಗೂ ಬಂದಿದೆ. ಗಂಡಂದಿರ ಕಡೆಯವರಿಗೆ ಇದಕ್ಕಿಂತ ಹರಿತವಾದ ಅಸ್ತ್ರ ಬೇರೆ ಬೇಕಿಲ್ಲ. ತಾರೀಖಿನ ಮೇಲೆ ತಾರೀಖು ಬಿದ್ದು, ಕೊನೆಗೆ ಅವಳು ಕೇಳಿದ್ದರಲ್ಲಿ ಅರ್ಧ ದುಡ್ಡಿಗೆ ಒಪ್ಪಿ ಪರಸ್ಪರ ಸಮ್ಮತಿಯ ಅರ್ಜಿಗೆ ಸಹಿ ಹಾಕಿದಳು.

ಗಂಡ ಸತಾಯಿಸಿದರೆ? ಕ್ರೌರ್ಯ ಎಂಬ ಕಾರಣ ಇದ್ದೇ ಇದೆಯಲ್ಲ, ಅದನ್ನೇ ಹೂಡಲಿ. ಸರಿಪಡಿಸಲಾಗದಷ್ಟು ಮುರಿದ ಮದುವೆಯನ್ನು ಸಂವಿಧಾನದ 142ನೇ ವಿಧಿಯಡಿ ತಾನು ಕೊನೆಗೊಳಿಸಬಹುದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ದೆಹಲಿಯವರೆಗೆ ಹೋಗಲಾರದ ಶಿಕ್ಷಕಿಗೆ ಆ ದಾರಿ ತಾಲ್ಲೂಕಿನಲ್ಲೇ ಸಿಗುವಂತೆ ಸಂಸತ್ತು ಕಾಯ್ದೆ ತಿದ್ದಲಿ.