ಬಿಸಿಲ್ಗುದುರೆಯ ಬಾಯಲ್ಲಿ ನೊರೆ

ಇಂದ್ರಜಾಲ ಕಾಮಿಕ್ಸ್ ಕಾಲದ ಸಾಹಸ ಚಿತ್ರಕಥೆಗಳಲ್ಲಿ ವಿಮಾನ ಮರಳುಗಾಡಿಗೆ ಬೀಳೋದು ಮಾಮೂಲು. ಧೀರರಿಬ್ಬರ ತುಟಿ ಒಡೆದಿರುತ್ತೆ, ಒಂದು ಚೌಕದಲ್ಲಿ ಬಿಸಿಲ್ಗುದುರೆ, ಇನ್ನೊಂದರಲ್ಲಿ ಖರ್ಜೂರದ ಮರ, ಪಕ್ಕದಲ್ಲಿ ಕೊಳ. ಕವುಚಿ ಬಿದ್ದು ಗಟಗಟ ಕುಡೀತಾರೆ. ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಲವಣ, ಎಷ್ಟು ಅಂತ ಒಬ್ಬನೂ ಕೇಳಲ್ಲ! ಕೋಲಾರದ ಓದುಗ ಪುಸ್ತಕ ಮುಚ್ಚಿಡೋದು ಅಲ್ಲೇ.

ಅದೇ ವಿಮಾನ ಕೋಲಾರದ ನರಸಾಪುರದ ಹತ್ತಿರ ಬಿದ್ದಿದ್ದರೆ ಮೊದಲು ಬೋರ್ ಎಲ್ಲಿ ಕೊರೀಬೇಕು ಅಂತ ಪಾಯಿಂಟ್ ನೋಡೋರನ್ನ ಕರೆಸಬೇಕಿತ್ತು. ಅಂಗೈ ಮೇಲೆ ಮಲಗಿಸಿದ ತೆಂಗಿನಕಾಯಿ ಎದ್ದು ನಿಂತ ಕಡೆ ಗುರುತಿನ ಕಲ್ಲು. ಆಮೇಲೆ ರಿಗ್ ಲಾರಿ, ಆರೂವರೆ ಇಂಚಿನ ಬಿಟ್. ಗಟ್ಟಿ ಬಂಡೆ ಸಿಗೋವರೆಗೂ ಕೇಸಿಂಗ್ ಪೈಪ್ ಇಳಿಸಬೇಕು, ಅಲ್ಲಿ ಜಿಪುಣತನ ಮಾಡಿದರೆ ಮಣ್ಣು ಕುಸಿದು ಮೋಟರಿಗೆ ಒಳಗೇ ಸಮಾಧಿ. ಸಾವಿರ ಅಡಿವರೆಗೂ ಬರೀ ಬೂದಿ ಬಣ್ಣದ ಧೂಳು, ಅದಕ್ಕೂ ಇನ್ನೂರು ಅಡಿ ಕೆಳಗೆ ಅಂತೂ ಒಂದಿಂಚು ನೀರು. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಅದೂ ದಂಡ. ಕುದಿಸಿದರೆ ಆವಿಯಾಗೋದು ನೀರು, ಫ್ಲೋರೈಡ್ ಅಲ್ಲ. ಉಳಿದದ್ದು ಇನ್ನೂ ಕೆಟ್ಟದ್ದು.

ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿದರೆ ನಾಣ್ಯ ಒಳಕ್ಕೆ ಹೋಗುತ್ತೆ, ನೀರು ಹೊರಕ್ಕೆ ಬರಲ್ಲ. ಗಡಸು ನೀರು ಕುಡಿದು ಕುಡಿದು ಒಳಗಿನ ಸೋಸೋ ಪೊರೆ, ಮೆಂಬ್ರೇನ್ ಮೇಲೆ ಸುಣ್ಣ ಕಟ್ಟಿದೆ.

ಇನ್ನು ಕೆರೆ. ಕಾಮಿಕ್ಸ್ ಬರೆದವರ ಕಲ್ಪನೆ ಸೋಲೋದೇ ಇಲ್ಲಿ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ನೀರು ಬಂತು. ಬೆಂಗಳೂರು ಮಿಂದು, ಒಗೆದು, ಫ್ಲಶ್ ಮಾಡಿದ್ದು. ಎರಡು ಹಂತ ಶುದ್ಧಿಯಾಗಿ ದಿನಕ್ಕೆ 44 ಕೋಟಿ ಲೀಟರ್, 126 ಕೆರೆಗೆ ಅನ್ನೋದು ಯೋಜನೆಯ ಲೆಕ್ಕ. ಮುಂದಿನ ತಿಂಗಳೇ ನೊರೆ ಎದ್ದಿತು. ಶುದ್ಧಿಯ ಮೂರನೇ ಹಂತವನ್ನೂ ಮಾಡಿ ಅಂದರೆ, ಇದು ಕುಡಿಯೋಕಲ್ಲ, ಅಂತರ್ಜಲ ಏರಿಸೋಕೆ ಅನ್ನೋ ಉತ್ತರ. ಅಂತರ್ಜಲ ಏತಕ್ಕೆ? ಕುಡಿಯೋಕೆ! ಕೆರೆಯಲ್ಲಿ ಬಾಯಿಗಿಡಬಾರದ್ದು ದಡದ ಬೋರಿನಲ್ಲಿ ಮೇಲೆ ಬಂದರೆ ತೀರ್ಥ. ಮೂರನೇ ಹಂತದ ಗುತ್ತಿಗೆಯನ್ನ ಟೆಂಡರ್ ಇಲ್ಲದೆ ಭೂಮ್ತಾಯಿಗೇ ಕೊಟ್ಟಿದ್ದಾರೆ. ಆಯಮ್ಮ ಕೆಸರು ಸೋಸಿಯಾಳು, ನೀರಲ್ಲಿ ಕರಗಿದ ನೈಟ್ರೇಟ್ ಬಂಡೆ ಬಿರುಕಿನಲ್ಲಿ ಹಾಗೇ ಇಳಿಯುತ್ತೆ.

ಬಿಸಿಲ್ಗುದುರೆಯಾದರೂ ಹತ್ತಿರ ಹೋದರೆ ಮಾಯವಾಗೋ ಮರ್ಯಾದೆ ಇಟ್ಟುಕೊಂಡಿದೆ.

ಕೊನೆ ಚೌಕದಲ್ಲಿ ಧೀರರು ಟ್ಯಾಂಕರ್‌ನವರಿಗೆ ಫೋನ್ ಹಚ್ಚಿದ್ದಾರೆ.

"ಅಣ್ಣಾ, ಯಾವ ನೀರು?"

"ಒಳ್ಳೇ ಬೋರು ನೀರು, ಸ್ವಾಮಿ."

"ಬೋರು ಎಲ್ಲಿದೆ?"

"ಕೆರೆ ಪಕ್ಕದಲ್ಲೇ."